ಕಂಬದ ಮೇಲಿನ ಸುಣ್ಣ

ಮೊನ್ನೆ ಸುಣ್ಣದ ಡಬ್ಬಿ ಒಣಗಿಹೋಗಿತ್ತು. ಒಂದಿಷ್ಟು ನೀರು ಬಿಟ್ಟು ಬೆರಳಲ್ಲಿ ಕಲಸುತ್ತಾ ಕೂತಿದ್ದೆ. ಪಕ್ಕದಲ್ಲಿ ಮೊಮ್ಮಗಳು ನೇತ್ರ ಕಂಪ್ಯೂಟರ್ ತೊಡೆ ಮೇಲಿಟ್ಟುಕೊಂಡು ಕುಟ್ಟುತ್ತಿದ್ದಳು. ದುರ್ಗದ ನಮ್ಮ ಮನೆಯಲ್ಲೇ ಕೂತು ಅವಳು ಯುರೋಪಿನ ಯಾವುದೋ ದೇಶದ ಕಂಪ್ನಿಗೆ ಕೆಲಸ ಮಾಡುತ್ತಾಳೆ. ಏನು ಕೆಲಸ ಅಂತ ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಹುಡುಕೋ ಯಂತ್ರ ಅಜ್ಜಿ. ಏನು ಬೇಕೋ ಕೇಳಿದ್ರೆ ಎಲ್ಲೈತೆ ಅಂತ ಹೇಳುತ್ತೆ. ಕನ್ನಡದಾಗೆ ಕೇಳಿದ್ರೆ ಸರಿಯಾಗಿ ಹೇಳುತ್ತೋ ಇಲ್ವೋ ಅಂತ ನಾನು ನೋಡ್ಬೇಕು."

"ಅದು ಫೋನಿನಾಗೆ ಪುಗಸಟ್ಟೆ ಐತಲ್ಲ."

"ಪುಗಸಟ್ಟೆ ಇರೋದು ನಾವು ಕೇಳಿದ್ದೆಲ್ಲ ಬರ್ಕೊಂಡು ಅಂಗಡಿಯೋರಿಗೆ ಹೇಳುತ್ತೆ. ನಮ್ದು ತಿಂಗಳಿಗಿಷ್ಟು ಅಂತ ದುಡ್ಡು ತಗಂತದೆ, ಕೇಳಿದ್ದನ್ನ ಅಲ್ಲೇ ಮರೆತುಬಿಡ್ತದೆ. ಇದು ಹೊಸಾ ದಾರಿ ಅಂತಾರೆ ನಮ್ ಸಾಹೇಬ್ರು."

ನನಗೆ ನಗು ಬಂತು. "ನಿಮ್ ಸಾಹೇಬ್ರಿಗೆ ಹೇಳು. ಹಿರಿಯೂರು ಬಸ್‌ಸ್ಟ್ಯಾಂಡಿನಾಗೆ ಒಬ್ಬಳು ಎಲೆ ಅಡಿಕೆ ಮಾರೋಳು ಆ ದಾರೀಲಿ ಹೋಗಿ ಬಂದಿದಾಳೆ. ಎಲ್ಲಿ ಮುಗ್ಗರಿಸ್ತಾರೆ ಅಂತಾನೂ ಅವಳಿಗೆ ಗೊತ್ತು."

ನೇತ್ರ ಕಂಪ್ಯೂಟರ್ ಮುಚ್ಚಿದಳು. ಕಥೆ ಪೂರ್ತಿ ಕೇಳಿದ ಮೇಲೆ, ಹೇಳಿದ್ದೆಲ್ಲ ಬರಿ ಅಂದಳು. ವಯಸ್ಸಾದ ಮೇಲೆ ಇವಳ ಹತ್ತಿರ ಅಕ್ಷರ ಕಲಿತವಳು ಬರೆದರೆ ಹೆಂಗಿರುತ್ತೋ ಹಂಗೆ ಬರೆದಿದೀನಿ.

ಅದು ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದಿದ್ದ ಕಾಲ. ಮೊಬೈಲು ಇನ್ನೂ ಬಂದಿರಲಿಲ್ಲ. ಅದಕ್ಕೂ ಹಿಂದೆ ಹದಿನಾಲ್ಕು ವರ್ಷ ನಾನು ತೆಂಗಿನಗರಿ ಕಡ್ಡಿಯ ಪೊರಕೆ ಕಟ್ಟಿ, ತಲೆ ಮೇಲೆ ಹೊತ್ತು ಮಾರಿದವಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೂರೂ ತಾಲ್ಲೂಕಿನಲ್ಲಿ ನಾನು ಕಾಲಿಡದ ಅಂಗಳ ಕಡಿಮೆ. ಪೊರಕೆ ಮಾರೋಳಿಗೆ ಮನೆ ಒಳಗಿನದು ಕಾಣಲ್ಲ, ಅಂಗಳ ಕಾಣುತ್ತೆ. ಅಂಗಳ ನೋಡಿದರೆ ಮನೆ ಅರ್ಧ ಗೊತ್ತಾಗುತ್ತೆ. ಆಮೇಲೆ ಟ್ರಾಕ್ಟರ್ ಟ್ರೇಲರಿನಿಂದ ಬಿದ್ದು ಮಂಡಿಚಿಪ್ಪು ಹೋಯಿತು. ನಡೆಯೋದು ನಿಂತ ಮೇಲೆ ಎಲೆ ಅಡಿಕೆ ಬುಟ್ಟಿ ಹಿಡಿದು ಬಸ್‌ಸ್ಟ್ಯಾಂಡಿನ ಒಂದು ಚೌಕದ ಕಂಬಕ್ಕೆ ಒರಗಿ ಕೂತೆ. ಗಂಡ ಆಗಲೇ ತೀರಿಕೊಂಡಿದ್ದ. ಅದರ ವಿಚಾರ ಇಲ್ಲಿ ಬೇಡ.

ನನ್ನ ಎದುರಿಗೆ ಸಿದ್ದಣ್ಣನ ಹೋಟ್ಲು. ಅವನು ಗಲ್ಲಾದ ಮೇಲೆ ಒಂದು ಬೋರ್ಡು ಬರೆಸಿ ಹಾಕಿದ್ದ, 'ಇಲ್ಲಿ ವಿಚಾರಣೆ ಉಚಿತ' ಅಂತ. ಯಾವ ಬಸ್ಸು ಎಷ್ಟೊತ್ತಿಗೆ, ಯಾವ ಡಾಕ್ಟರು ಎಲ್ಲಿ, ಕಾಯಿಗೆ ಯಾವ ಮಂಡಿಯಲ್ಲಿ ರೇಟು, ಎಲ್ಲಾ ಅವನನ್ನೇ ಕೇಳೋರು. ಅವನಿಗೆ ಗೊತ್ತಿರದ ವಿಷಯ ಇರಲಿಲ್ಲ, ಸುಳ್ಳು ಹೇಳಬಾರದು. ಬಾಯಿ ಬೇರೆ ಸಿಹಿ. "ಬರ್ರಿ ಯಜಮಾನ್ರೇ, ಕುಂತ್ಕಳ್ರಿ, ಮೊದ್ಲು ನೀರು ಕುಡೀರಿ" ಅನ್ನೋನು. ಆದರೆ ಅವನ ಚಟ್ನಿಗೆ ಆ ವಾರ ಕಾಯಿ ಯಾವ ಮಂಡಿಯಿಂದ ಬಿಟ್ಟಿ ಬಂತು ಅಂತ ನೋಡಿದರೆ ಸಾಕು, ಆ ವಾರ ರೈತರನ್ನ ಯಾವ ಮಂಡಿಗೆ ಕಳಿಸುತ್ತಾನೆ ಅಂತ ನಾನು ಕೂತಲ್ಲೇ ಹೇಳುತ್ತಿದ್ದೆ.

ಅದೂ ಹೋಗಲಿ. ಒಂದು ದಿನ ಒಬ್ಬಳು ಹೆಂಗಸು ಬಂದು, ಹೆಂಗಸರ ಕಾಯಿಲೆಗೆ ನೋಡೋ ಡಾಕ್ಟರಮ್ಮ ಎಲ್ಲಿದಾರೆ ಅಂತ ಅವನನ್ನ ಮೆಲ್ಲಗೆ ಕೇಳಿ ಹೋದಳು. ಸಂಜೆ ಬಸ್ಸು ಹತ್ತುತ್ತಿದ್ದಂಗೆ ಡ್ರೈವರು ಎಲ್ಲರ ಎದುರಿಗೆ ಕೇಳಿದ, "ಏನಂದ್ರು ತಾಯಿ ಡಾಕ್ಟರಮ್ಮ? ಗರ್ಭಕೋಶ ತೆಗೀಬೇಕಂತಾ?" ಅವನೇನು ಕೆಟ್ಟದ್ದಕ್ಕೆ ಕೇಳಲಿಲ್ಲ. ಸಿದ್ದಣ್ಣ ಟೀ ಜೊತೆಗೆ ಆ ಸುದ್ದೀನೂ ಕೊಟ್ಟಿದ್ದ, ಅಷ್ಟೇ. ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಳಿದು, ಮುಂದಿನ ಬಸ್ಸಿನವರೆಗೆ ನನ್ನ ಕಂಬದ ಹಿಂದೆ ನಿಂತಳು. ಒಂದೂವರೆ ತಾಸು. ಕೂತ್ಕೋ ಅಂದರೂ ಕೂರಲಿಲ್ಲ.

ಯುಗಾದಿ ಕಳೆದ ವಾರ ಅದು. ಮಾರನೇ ದಿನದಿಂದ ನಾನು ಶುರು ಮಾಡಿದೆ. ಬೋರ್ಡು ಗೀರ್ಡು ಏನಿಲ್ಲ. ಎಲೆ ತಗಳ್ಳೋಕೆ ಬಂದವರಿಗೆ ಹೇಳಿದೆ, ಏನಾದ್ರೂ ವಿಚಾರಿಸೋದಿದ್ರೆ ನನ್ನನ್ನ ಕೇಳ್ರಿ. ಒಂದು ಮಾತಿಗೆ ಒಂದು ರೂಪಾಯಿ. ಯಾರ ಮುಂದೂ ಬಾಯಿ ಬಿಡಲ್ಲ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತೀನಿ, ರೂಪಾಯಿ ವಾಪಸ್ಸು.

ಜನ ನಕ್ಕರು. ನಕ್ಕಿದ್ದರೆ ಪರವಾಗಿರಲಿಲ್ಲ, ಉಗಿದರು. ನಮ್ಮ ಸೀಮೆಯಲ್ಲಿ ದಾರಿ ಹೇಳೋದೂ ಒಂದೇ, ಬಾಯಾರಿದವರಿಗೆ ನೀರು ಕೊಡೋದೂ ಒಂದೇ. ಅದಕ್ಕೆ ಕಾಸು ಇಸ್ಕೊಳ್ಳೋದು ಪಾಪ ಅಂತ ಲೆಕ್ಕ. "ಈಯಮ್ಮ ನಾಳೆ ಗಾಳಿಗೂ ರೂಪಾಯಿ ಕೇಳ್ತಾಳೆ" ಅಂದ ಒಬ್ಬ. ದುರ್ಗದ ಬಸ್ಸಿನ ಕಂಡಕ್ಟರ್ ಓಬಣ್ಣ ನನಗೆ ಬೇಕಾದವನೇ, ದಿನಾ ಎಲೆ ಹಾಕ್ಕೊಳ್ಳೋನು, ಅವನೂ ಬೈದ.

"ಯಕ್ಕ, ಎದುರಿಗೆ ಬಿಟ್ಟಿ ಹೇಳ್ತಾನೆ. ನಿನ್ ಹತ್ರ ಯಾವನು ಬರ್ತಾನೆ?"

"ಕೇಳೋನು ಕೊಡದಿದ್ರೆ ಇನ್ಯಾವನೋ ಕೊಡ್ತಾನೆ ಓಬಣ್ಣ. ಕೊಟ್ಟೋನ ಕಡೆಗೇ ನಾಲಿಗೆ ಹೊರಳ್ತದೆ. ನಂದೂ ಅಷ್ಟೇ, ನಿಂದೂ ಅಷ್ಟೇ."

"ನನ್ ನಾಲಿಗೆ ಎತ್ಲಾಗೂ ಹೊರಳಲ್ಲ."

"ಅದ್ಕೇ ದಿನಾ ಬಿಟ್ಟಿ ಎಲೆ ಹಾಕ್ಕಂಡು ನನ್ನ ಲಗೇಜಿಗೆ ಟಿಕೀಟು ಹರಿಯಲ್ವೇನು ನೀನು?"

ಅವನು ಎಲೆ ಬಾಯಿಗಿಟ್ಟುಕೊಂಡು ಬಸ್ಸಿನ ಕಡೆ ನಡೆದ.

ಎರಡು ತಿಂಗಳು ಯಾರೂ ಬರಲಿಲ್ಲ ಅಂದರೂ ನಡೆಯುತ್ತೆ. ಬಿಸಿಲು, ಹೈವೇ ಧೂಳು, ವೇದಾವತಿ ಹೊಳೆಯಲ್ಲಿ ಬರೀ ಮರಳು. ಎಲೆ ಮೇಲೆ ಒದ್ದೆ ಗೋಣಿಬಟ್ಟೆ ಹೊಚ್ಚಿ ಹೊಚ್ಚಿ ಬೆರಳು ಬಿಳಿಚಿಕೊಂಡಿದ್ದವು. ಮೃಗಶಿರ ಮಳೆ ನಾಲ್ಕು ಹನಿ ಬಿದ್ದ ದಿನ ಹೊಸದುರ್ಗ ಕಡೆಯ ಒಬ್ಬ ಮುದುಕ ಕೊಬ್ಬರಿ ಚೀಲ ಇಳಿಸಿಕೊಂಡು, ಸಿದ್ದಣ್ಣನ ಹತ್ತಿರ ಹೋದೋನು ತಿರುಗಿ ನನ್ನ ಹತ್ತಿರ ಬಂದ. "ಅವನು ಬಾಳ ಬೇಗ ಹೇಳಿದ ಕಣಮ್ಮ. ಯೋಚನೆ ಮಾಡದೆ ಹೇಳಿದ್ದು ನಂಗೆ ಸರಿಬರಲ್ಲ" ಅಂತ ರೂಪಾಯಿ ಇಟ್ಟ. ಯಾವ ಮಂಡಿಯಲ್ಲಿ ತಕ್ಕಡಿ ನೆಟ್ಟಗಿದೆ ಅಂತ ಹೇಳಿದೆ. ಮುಂದಿನ ಸಂತೆಗೆ ಇನ್ನಿಬ್ಬರನ್ನ ಕರಕೊಂಡು ಬಂದ. ಆಮೇಲೆ ಹೆಂಗಸರು ಬಂದರು. ಹೆಂಗಸರು ಬಂದ ಮೇಲೆ ನನ್ನ ಕೆಲಸ ನೆಲೆ ನಿಂತಿತು ಅನ್ನಬೇಕು. ಎಲೆ ಕೊಳ್ಳೋ ನೆವದಲ್ಲಿ ಬಗ್ಗಿ, ಕಿವಿಯಲ್ಲಿ ಕೇಳಿ, ಎಲೆ ತಗೊಂಡು ಹೋಗೋರು. ನೋಡಿದವರಿಗೆ ಎಲೆ ವ್ಯಾಪಾರ.

ಕೂತಲ್ಲೇ ಕೂತು ಎಲ್ಲಾ ಗೊತ್ತಾಗೋಕೆ ನಾನೇನು ದೇವರಲ್ಲ. ಡ್ರೈವರು, ಕಂಡಕ್ಟರು, ಪೊರಕೆ ಹೊತ್ತು ತಿರುಗೋ ನನ್ನ ತಂಗಿ, ಇವರೆಲ್ಲ ಊರೂರಿನ ಸಮಾಚಾರ ತಂದು ಹಾಕೋರು. ತಂದವರಿಗೆ ಒಂದು ಸಲದ ಎಲೆ ಅಡಿಕೆ ಬಿಟ್ಟಿ. ಅವರಿಗೂ ಸಿಗದ್ದನ್ನ ಸಿದ್ದಣ್ಣನ ಹತ್ತಿರಾನೇ ಕೇಳಿಸಿ ತರಿಸುತ್ತಿದ್ದೆ. ನಾಚಿಕೆ ಯಾಕೆ? ಓಬಣ್ಣ ಹೋಗಿ ತನಗೇ ಬೇಕು ಅನ್ನೋ ಹಂಗೆ ಕೇಳೋನು. ಸಿದ್ದಣ್ಣ ಹೇಳಿದ್ದರಲ್ಲಿ ಅವನ ಚಟ್ನಿ ಕಾಯಿಯ ಹೆಸರು ತೆಗೆದುಹಾಕಿ ಮಿಕ್ಕಿದ್ದು ನಾನು ಹೇಳುತ್ತಿದ್ದೆ. ಆ ವರ್ಷವೆಲ್ಲ ಓಬಣ್ಣನಿಗೆ ಮೂಲವ್ಯಾಧಿ, ಕೋರ್ಟು ಕೇಸು, ಬೋರ್‌ವೆಲ್ಲು, ತಂಗಿ ಬಾಣಂತನ ಎಲ್ಲಾ ಇತ್ತು ಅಂತ ಸಿದ್ದಣ್ಣ ಇವತ್ತಿಗೂ ನಂಬಿರಬೇಕು.

ಈಗ ನನ್ನ ತಪ್ಪಿಗೆ ಬರುತ್ತೀನಿ.

ಜನ ಹೆಚ್ಚಾದಂಗೆ, ಯಾವ ಕಡೆಯವರು ಏನು ಕೇಳುತ್ತಾರೆ ಅನ್ನೋದು ನೆನಪಿಟ್ಟುಕೊಂಡರೆ ಮುಂಚೇನೇ ವಿಚಾರಿಸಿ ಇಡಬಹುದು ಅಂತ ನನಗೆ ಬುದ್ಧಿ ಓಡಿತು. ಆಗ ನನಗೆ ಬರೆಯೋಕೆ ಬರುತ್ತಿರಲಿಲ್ಲ. ಕೈಯಲ್ಲಿ ಸುಣ್ಣ ಇತ್ತು, ಬೆನ್ನಿಗೆ ಕಂಬ ಇತ್ತು. ಎಲೆ ಹಾಕಿಕೊಂಡವರೆಲ್ಲ ಬೆರಳಿನ ಸುಣ್ಣ ಕಂಬಕ್ಕೆ ಒರೆಸೋದು ಹೆಂಗೂ ಇದ್ದಿದ್ದೇ. ಆ ಗಲೀಜಿನ ನಡುವೆ ನನ್ನ ಗುರುತು ಯಾರಿಗೆ ಗೊತ್ತಾಗುತ್ತೆ? ಕಂಬದ ನಾಲ್ಕು ಮುಖದಲ್ಲಿ ಹೊಸದುರ್ಗ ರಸ್ತೆ ಕಡೆಯ ಮುಖ ಹೊಸದುರ್ಗದವರಿಗೆ, ದುರ್ಗದ ಕಡೆಯ ಮುಖ ದುರ್ಗ ಹೊಳಲ್ಕೆರೆಯವರಿಗೆ, ಹಿಂಗೆ. ಕಾಯಿ ಕೊಬ್ಬರಿ ಕೇಳಿದರೆ ಒಂದು ಗೀಟು. ಡಾಕ್ಟರನ್ನ ಕೇಳಿದರೆ ಒಂದು ಬೊಟ್ಟು. ಹೆಣ್ಣು ಗಂಡು ವಿಚಾರಕ್ಕೆ ಎರಡು ಬೊಟ್ಟು ಒತ್ತೊತ್ತಿಗೆ. ಹೆಸರಿಲ್ಲ, ಊರಿಲ್ಲ. ಇದರಿಂದ ಯಾರಿಗೆ ಏನಾಗುತ್ತೆ ಅಂದುಕೊಂಡೆ. ಮೂರು ತಿಂಗಳು ಚೆನ್ನಾಗೇ ನಡೆಯಿತು.

ಶೇಂಗಾ ಕೀಳೋ ಹೊತ್ತಿಗೆ, ಹೊಸದುರ್ಗ ಕಡೆಯ ಮಾಡದಕೆರೆ ಬಸ್ಸಿನಲ್ಲಿ ಬಂದ ಒಂದು ಹುಡುಗಿ ಒಬ್ಬಳೇ ನನ್ನ ಮುಂದೆ ಕೂತಳು. ಅವಳ ಹೆಸರು ಹೇಳಲ್ಲ. ಮಾಡದಕೆರೆ ಬಸ್ಸಿಗೆ ಹತ್ತಾರು ಹಳ್ಳಿಯವರು ಹತ್ತುತ್ತಾರೆ, ಊರೂ ಹೇಳಲ್ಲ. ಹೊಳಲ್ಕೆರೆ ಕಡೆಯ ಒಂದು ಮನೆಯಿಂದ ಗಂಡು ಬಂದಿತ್ತು. ಅವಳ ಅಪ್ಪ ಇಲ್ಲ, ಅಣ್ಣ ಒಪ್ಪಿಬಿಟ್ಟಿದ್ದ, ಮಾತುಕತೆಗೆ ಹದಿನೈದು ದಿನ ಇತ್ತು. ಹೆಣ್ಣಿನ ಕಡೆ ಗಂಡಸರು ಹೋಗಿ ವಿಚಾರಿಸೋದು ಪದ್ಧತಿ. ಹುಡುಗಿ ತಾನೇ ಬಸ್‌ಸ್ಟ್ಯಾಂಡಿಗೆ ಬಂದು ಗಂಡಿನ ವಿಚಾರ ಕೇಳಿದಳು ಅಂತಾದರೆ ಆ ಸಂಬಂಧ ಹೋಗೋದಲ್ಲದೆ ಇನ್ನೊಂದು ಸಂಬಂಧಾನೂ ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ರೂಪಾಯಿ ಇಟ್ಟು ನೇರವಾಗಿ ಕೇಳಿದಳು.

"ದೊಡ್ಡಮ್ಮ, ಅವ್ರ ಮನೆ ಎತ್ತಿನ ಬೆನ್ನು ನೋಡಿದೀಯಾ?"

ನಾನು ಕುಡಿತಾನಾ, ಇಸ್ಪೀಟು ಆಡ್ತಾನಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ನಮ್ಮಣ್ಣ ಆರು ಕುಡಿದು ಮೂರು ಅಂತಾನೆ, ಮಾತು ನಂಬಕ್ಕಾಗಲ್ಲ. ಎತ್ತು ಸುಳ್ಳು ಹೇಳಲ್ಲ. ಬಾಸುಂಡೆ ಇದ್ರೆ ಇರ್ತವೆ" ಅಂದಳು.

ಆ ಅಂಗಳ ನಾನು ನೋಡಿ ಮೂರು ವರ್ಷ ಆಗಿತ್ತು. ಹಳೇ ಸಮಾಚಾರ ಕೊಡೋದು ಮೋಸ. ಮುಂದಿನ ವಾರ ಬಾ ಅಂದೆ. ಓಬಣ್ಣನಿಗೆ ಆ ವಾರ ಹೊಳಲ್ಕೆರೆ ಡ್ಯೂಟಿ ಹಾಕಿದ್ದರು. ಒಂದು ಮನೆ ಹೆಸರು ಹೇಳಿದರೆ ಅವನಿಗೆ ಗುಟ್ಟು ತಿಳಿಯುತ್ತೆ ಅಂತ, ಆ ಬೀದಿಯ ಐದು ಮನೆ ಎತ್ತು ನೋಡಿಕೊಂಡು ಬಾ ಅಂದೆ.

"ನಾನೇನು ದನದ ಡಾಕ್ಟ್ರಾ ಯಕ್ಕ? ಬಸ್ಸು ನಿಲ್ಲಿಸಿ ಎತ್ತಿನ ಬೆನ್ನು ಸವರ್ತಾ ನಿಂತ್ರೆ ಪ್ಯಾಸೆಂಜರು ಹೊಡಿತಾರೆ."

"ಟೀ ಕುಡಿಯೋಕೆ ನಿಲ್ಲಿಸ್ತೀಯಲ್ಲ, ಆವಾಗ ನೋಡು."

ಬೈಕೊಂಡೇ ನೋಡಿ ಬಂದ. ಐದು ಮನೆಯದ್ದೂ ಹೇಳಿದ. ನನಗೆ ಬೇಕಾದ ಮನೆಯ ಎತ್ತುಗಳ ಬೆನ್ನು ಚೊಕ್ಕಟ. ಒಂದರ ಹೆಗಲಲ್ಲಿ ನೊಗದ ಗಾಯ ಇತ್ತು, ಅದಕ್ಕೆ ಯಾರೋ ಅರಿಶಿನ ಎಣ್ಣೆ ಹಚ್ಚಿದ್ದರು. ಯಾರು ಹಚ್ಚೋದು ಅಂತ ಕೇಳಿದ್ದಕ್ಕೆ ಆ ಮನೆ ಮಗಾನೇ ಅಂದರಂತೆ. ಇನ್ನೊಂದು ಮಾತೂ ಟೀ ಅಂಗಡಿಯಲ್ಲಿ ಕಿವಿಗೆ ಬಿತ್ತಂತೆ. ಹುಡುಗ ಒಳ್ಳೇನು, ಆದರೆ ಸೋದರಮಾವನ ಎದುರು ಬಾಯಿ ಇಲ್ಲ. ಎರಡನ್ನೂ ಹುಡುಗಿಗೆ ಹೇಳಿದೆ. "ಬಾಯಿ ನಂಗೈತೆ" ಅಂದು ಎದ್ದು ಹೋದಳು.

ಅವಳು ಮೊದಲ ಸಲ ಬಂದ ದಿನವೇ ಹೊಸದುರ್ಗದ ಮುಖದ ಮೇಲೆ ನಾನು ಎರಡು ಬೊಟ್ಟು ಇಟ್ಟಿದ್ದೆ.

ಗಲ್ಲಾದಲ್ಲಿ ಕೂತ ಸಿದ್ದಣ್ಣನಿಗೆ ಟೀ ಲೋಟ ಎಣಿಸೋದು ಬಿಟ್ಟರೆ ದಿನವಿಡೀ ನನ್ನನ್ನ ನೋಡೋದೇ ಕೆಲಸ. ಯಾರು ಬಗ್ಗಿದ ಮೇಲೆ ಯಾವ ಮುಖಕ್ಕೆ ನನ್ನ ಬೆರಳು ಹೋಗುತ್ತೆ ಅಂತ ಅವನು ಮೂರು ತಿಂಗಳು ನೋಡಿದ್ದ. ಎರಡು ಬೊಟ್ಟು ಬಿದ್ದವರ ಮನೆಯಲ್ಲಿ ಆಮೇಲೆ ಮದುವೆ ಮಾತು ನಡೆದದ್ದನ್ನೂ ತಾಳೆ ಹಾಕಿದ್ದ. ಓದು ಬರಹ ಬರದ ನಾನು ಬರೆದದ್ದನ್ನ ಅವನು ಓದಿಬಿಟ್ಟಿದ್ದ. ಒಬ್ಬಳೇ ಹುಡುಗಿ, ಮಾಡದಕೆರೆ ಬಸ್ಸು, ಎರಡು ಬೊಟ್ಟು. ಯಾರ ಮನೆಗೆ ಯಾವ ಸಂಬಂಧ ಓಡಾಡುತ್ತಿದೆ ಅನ್ನೋದು ಮೊದಲೇ ಅವನ ಬಾಯಲ್ಲಿತ್ತು. ಮದುವೆ ದಲ್ಲಾಳಿಗೆ ಹೇಳಿದ, ಅವನು ಗಂಡಿನ ಕಡೆಗೆ ಮುಟ್ಟಿಸಿದ.

ಕಾರ್ತಿಕದ ಒಂದು ಬೆಳಗ್ಗೆ ಗಂಡಿನ ಸೋದರಮಾವ ಬಂದ. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು. ಹಿಂದೆ ಅವನ ಅಕ್ಕ, ಅಂದರೆ ಗಂಡಿನ ತಾಯಿ. ನನ್ನ ಮುಂದೆ ನಿಂತು ಇಡೀ ಬಸ್‌ಸ್ಟ್ಯಾಂಡಿಗೆ ಕೇಳೋ ಹಂಗೆ ಕೇಳಿದ.

"ಏನಮ್ಮ, ಮಾಡದಕೆರೆ ಕಡೆ ಹುಡುಗಿ ಬಂದು ನಮ್ ಹುಡುಗನ್ನ ವಿಚಾರಿಸಿದ್ಲಂತೆ, ಹೌದಾ?"

ಜನ ಸುತ್ತ ನಿಂತರು. ಹೋಟ್ಲಿನಿಂದ ಲೋಟ ಹಿಡಿದುಕೊಂಡೇ ಬಂದರು. "ಬಂದೋರ ಮಾತು ನಾನು ಮಾರಲ್ಲಪ್ಪ" ಅಂದೆ.

"ನೂರು ರೂಪಾಯಿ ಕೊಡ್ತೀನಿ."

"ನೀನು ನೂರು ಕೊಟ್ರೆ ನಾಳೆ ಇನ್ಯಾರೋ ಇನ್ನೂರು ಕೊಡ್ತಾರೆ. ಕೊನೆ ಎಲ್ಲೈತೆ ಇದಕ್ಕೆ?"

ಸಿದ್ದಣ್ಣ ಗಲ್ಲಾ ಬಿಟ್ಟು ಬಂದ. "ಯಕ್ಕ ಹೇಳೋದೇನೈತೆ ಯಜಮಾನ್ರೇ, ಬರೆದೇ ಇಟ್ಟೈತಲ್ಲ" ಅಂತ ಕಂಬದ ಎರಡು ಬೊಟ್ಟಿನ ಮೇಲೆ ಬೆರಳಿಟ್ಟ. "ಒಂದು ಹೆಣ್ಣು, ಒಂದು ಗಂಡು."

ನನ್ನ ಕೈಯಾರೆ ಮಾಡಿಕೊಂಡಿದ್ದು. ಬಾಯಿ ಹೊಲಿದುಕೊಂಡು ಬೆರಳಲ್ಲಿ ಡಂಗುರ ಹೊಡೆದಿದ್ದೆ.

"ಹಂಗಾದ್ರೆ ಬಂದಿಲ್ಲ ಅಂತ ಹೇಳು, ಮುಗೀತು. ಒಂದೇ ಮಾತು" ಅಂದ ಮಾವ.

ಇದು ಉರುಳು. ಇಲ್ಲ ಅಂದರೆ ಹುಡುಗಿ ಉಳಿಯುತ್ತಾಳೆ. ಆದರೆ ಇವತ್ತು ಒಬ್ಬರಿಗೆ ಇಲ್ಲ ಅಂದರೆ, ನಾಳೆ ಇನ್ನೊಬ್ಬರ ವಿಚಾರಕ್ಕೆ ನಾನು ಸುಮ್ಮನಿದ್ದಾಗ ಹೌದು ಅಂತಾಗುತ್ತೆ. ಹೌದೂ ಅನ್ನಬಾರದು, ಇಲ್ಲವೂ ಅನ್ನಬಾರದು. ಕಂಬ ಹಿಡಿದು ಎದ್ದು ನಿಂತೆ.

"ಈ ಕಂಬದ ಮೇಲೆ ಎರಡು ಬೊಟ್ಟು ಇದೊಂದೇ ಅಲ್ಲ, ನಾಲ್ಕೂ ಮುಖದಾಗೆ ಅವೆ. ಒಂದು ಹೇಳಿದ್ರೆ ಎಲ್ಲಾ ಹೇಳ್ಬೇಕಾಗ್ತದೆ, ಒಬ್ರಿಗೊಂದು ನ್ಯಾಯ ಆಗಲ್ಲ. ಬೊಟ್ಟು ಹೇಳಾಣ, ಗೀಟೂ ಹೇಳಾಣ, ಡಾಕ್ಟ್ರನ್ನ ಕೇಳಿದ್ದೂ ಹೇಳಾಣ. ಯಾರಿಂದ ಶುರು ಮಾಡ್ಲಿ? ಇಲ್ಲಿ ನಿಂತಿರೋರ್ದೂ ಅವೆ."

ಲೋಟ ಹಿಡಿದವರು ಲೋಟ ನೋಡಿದರು. ಒಬ್ಬನಿಗೆ ಬಸ್ಸು ನೆನಪಾಯಿತು. ಇನ್ನೊಬ್ಬ ಕೆಮ್ಮುತ್ತಾ ಹೋದ. ಎಲೆ ಹಾಕುವಷ್ಟರಲ್ಲಿ ಗುಂಪು ಕರಗಿತು. ಸೋದರಮಾವನೂ ಭಾದ್ರಪದದಲ್ಲಿ ನನ್ನ ಹತ್ತಿರ ಬಂದಿದ್ದವನೇ. ನಾನು ಬರೀ ಅವನ ಮುಖ ನೋಡಿದೆ. ಹಂಗೆ ನೋಡಿದ್ದೂ ತಪ್ಪೇ, ಒಪ್ಪಿಕೊಳ್ಳುತ್ತೀನಿ. ಅವನು ಟವೆಲ್ಲು ಕೊಡವಿ, "ಇಂಥೋರ ಹತ್ರ ಏನು ಮಾತು" ಅಂತ ಬಸ್ಸಿನ ಕಡೆ ನಡೆದ.

ಗಂಡಿನ ತಾಯಿ ಹೋಗಲಿಲ್ಲ. ಮೊದಲು ನಿಂತಿದ್ದಳು, ಆಮೇಲೆ ಕೂತಳು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಬುಟ್ಟಿಯಲ್ಲಿಟ್ಟಳು.

"ಯಕ್ಕ, ಆ ಹುಡುಗಿ ವಿಚಾರ ಕೇಳಲ್ಲ. ನನ್ ಮಗನ ಬಗ್ಗೆ ಊರು ಏನಂತದೆ? ನನ್ ಮುಂದೆ ಎಲ್ರೂ ಒಳ್ಳೇದೇ ಅಂತಾರೆ."

ಅಷ್ಟು ದಿನದಲ್ಲಿ ಯಾವ ತಾಯಿಯೂ ನನ್ನನ್ನ ಆ ಮಾತು ಕೇಳಿರಲಿಲ್ಲ. ರೂಪಾಯಿ ಕೊಟ್ಟವರಿಗೆ ಇದ್ದಿದ್ದು ಹೇಳಬೇಕು. "ದುಡಿತಾನೆ. ದನಕ್ಕೆ ಹೊಡೆಯಲ್ಲ. ಗಾಯ ಆದ್ರೆ ಎಣ್ಣೆ ಹಚ್ತಾನೆ. ಆದ್ರೆ ನಿನ್ ತಮ್ಮನ ಎದುರಿಗೆ ಬಾಯಿ ಬಿಡಲ್ಲ. ಮದುವೆ ಆದ್ಮೇಲೂ ಆ ಮನೆ ನಿನ್ ತಮ್ಮನ ಮಾತಿನಾಗೇ ನಡೀತದೆ ಅಂತಾರೆ."

"ಅದು ನಂಗೂ ಗೊತ್ತೈತೆ ಬಿಡು. ನಾನೂ ಅವನ ಎದುರಿಗೆ ಮಾತಾಡಿದೋಳಲ್ಲ." ಆಮೇಲೆ ದನಿ ಇಳಿಸಿ, "ಅಲ್ಲ ಯಕ್ಕ, ಒಬ್ಳೇ ಬಸ್ಸು ಹತ್ತಿ ವಿಚಾರಿಸಕ್ಕೆ ಬರೋ ಅಂಥ ಹುಡುಗಿ ಯಾರಾದ್ರೂ ಇದ್ರೆ, ಅವ್ಳು ನಮ್ ತಮ್ಮನಿಗೆ ಹೆದರ್ತಾಳಾ?"

"ಅದು ಇನ್ನೊಂದು ಮಾತು. ಇನ್ನೊಂದು ರೂಪಾಯಿ" ಅಂದೆ.

ಅವಳು ಗಂಟಿಗೆ ಕೈ ಹಾಕಿದವಳು ಹಂಗೇ ನಿಲ್ಲಿಸಿ, ನಕ್ಕಳು. "ಬೇಡ ಬಿಡು. ಅದರ ಉತ್ತರ ನಂಗೆ ಗೊತ್ತಾಯ್ತು" ಅಂತ ಗಂಟು ಬಿಗಿದು ಎದ್ದಳು.

ಅವಳ ಬಸ್ಸು ಹೊರಟ ಮೇಲೆ ಒಂದು ಬಕೆಟು ನೀರು, ತೆಂಗಿನ ನಾರು ತಗೊಂಡು ಕಂಬದ ನಾಲ್ಕೂ ಮುಖ ಉಜ್ಜಿದೆ. ಮಂಡಿ ನೋವಿನಲ್ಲಿ ಮಧ್ಯಾಹ್ನದವರೆಗೆ ಹಿಡಿಯಿತು. ಕೆಳಗೆ ಸಿಮೆಂಟು ಇದೆ ಅಂತ ಜನಕ್ಕೆ ಅವತ್ತೇ ಗೊತ್ತಾಗಿದ್ದು. ಅಲ್ಲಿಂದಾಚೆಗೆ ಗುರುತು ಇಡಲಿಲ್ಲ. ಹಿಂದಿನಷ್ಟು ಚುರುಕಾಗಿ ಹೇಳೋಕೆ ಆಗುತ್ತಿರಲಿಲ್ಲ, ಎಷ್ಟೋ ರೂಪಾಯಿ ವಾಪಸ್ಸು ಕೊಟ್ಟೆ. ಆದರೂ ಬರೋರು ಕಡಿಮೆ ಆಗಲಿಲ್ಲ. ಸಿದ್ದಣ್ಣನ ಹೋಟ್ಲಿಗೂ ಕಡಿಮೆ ಆಗಲಿಲ್ಲ, ಬಿಟ್ಟಿ ಬೇಕಾದವರು ಯಾವತ್ತೂ ಜಾಸ್ತಿ. ಪುಷ್ಯದಲ್ಲಿ ಒಂದು ದಿನ, ಹೋಟ್ಲು ಖಾಲಿ ಇದ್ದಾಗ, ಅವನೇ ರಸ್ತೆ ದಾಟಿ ಬಂದು ರೂಪಾಯಿ ಇಟ್ಟು ಒಂದು ಮಾತು ಕೇಳಿದ. ಏನು ಕೇಳಿದ ಅಂತ ಹೇಳಲ್ಲ.

ಇಷ್ಟನ್ನೂ ಕೇಳಿದ ನೇತ್ರ, "ನಮ್ ಸಾಹೇಬ್ರೂ ಇದನ್ನೇ ಅನ್ನೋದು ಅಜ್ಜಿ, ಬರ್ಕೊಂಡ್ರೇ ತಾನೆ ಯಾರಾದ್ರೂ ಓದೋದು, ಬರ್ಕೊಳ್ಳೋದೇ ಬೇಡ ಅಂತ" ಅಂದಳು. ಬುದ್ಧಿವಂತ ಇರಬೇಕು. ಬಕೆಟು ನೀರಿನ ಖರ್ಚಿಲ್ಲದೆ ಕಲಿತಿದಾನೆ.

ಮಾಘದಲ್ಲಿ ಮದುವೆ ಆಯಿತು. ನನಗೆ ಎರಡು ಲಗ್ನಪತ್ರಿಕೆ ಬಂದವು. ಒಂದನ್ನ ಮದುಮಗಳೇ ಬಂದು ಕೊಟ್ಟು ಹೋದಳು, ಇನ್ನೊಂದು ಗಂಡಿನ ತಾಯಿ ಓಬಣ್ಣನ ಕೈಯಲ್ಲಿ ಕಳಿಸಿದ್ದಳು. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಕುಂಟುತ್ತಾ ಹೋದೆ. ಊಟದ ಪಂಕ್ತಿಯಲ್ಲಿ ಪಕ್ಕದವಳು ಕೇಳಿದಳು, "ನೀವು ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ?"

"ಎಲೆ ಅಡಿಕೆ ಕಡೆಯೋಳು ಕಣಮ್ಮ" ಅಂದೆ. ಅಡಿಗೆಯವರ ಪೈಕಿ ಅಂದುಕೊಂಡಳೋ ಏನೋ, ತಿರುಗಿ ಊಟಕ್ಕೆ ಕೈ ಹಾಕಿದಳು.

ಊಟ ಆದ ಮೇಲೆ ಮದುಮಗಳು ಸಾಲಾಗಿ ಹೆಂಗಸರಿಗೆಲ್ಲ ತಾಂಬೂಲ ಕೊಡುತ್ತಾ ಬಂದಳು. ಹಿಂದೆಯೇ ಅತ್ತೆ, ಕುಂಕುಮದ ಬಟ್ಟಲು ಹಿಡಿದುಕೊಂಡು. ನನ್ನ ಮುಂದೆ ಬಂದಾಗ ಹುಡುಗಿ ತಲೆ ಎತ್ತಲಿಲ್ಲ. ಎಲ್ಲರಿಗೂ ಕೊಟ್ಟಂತೆ ಎಲೆ, ಅಡಿಕೆ, ಕಾಯಿ ಕೊಟ್ಟಳು. ಅತ್ತೆಯೂ, ನಾನು ಗಂಡ ಸತ್ತವಳು ಅಂತ ನೋಡದೆ, ಗುರುತಿಲ್ಲದವಳ ಹಣೆಗೆ ಇಡೋ ಹಂಗೆ ಕುಂಕುಮ ಇಟ್ಟಳು. ಇಬ್ಬರೂ ಮುಂದಿನವಳ ಹತ್ತಿರ ಹೋದರು. ಎಲೆ ಮಾತ್ರ ಒಳ್ಳೇ ಎಲೆ ಇತ್ತು. ಸುಣ್ಣ ಹಚ್ಚಿ ಹಾಕಿಕೊಂಡು, ಬೆರಳನ್ನ ನನ್ನ ಸೆರಗಿಗೇ ಒರೆಸಿಕೊಂಡು ಬಸ್ಸು ಹತ್ತಿದೆ.